ಅರ್ಧ ಶೀಶೆಯ ಸತ್ಕಾರ

ಶಾಲನ್ನು ಯಾವ ಹೆಗಲಿನಿಂದ ಹೊದಿಸುತ್ತಾರೆ ಎಂಬುದೊಂದು ಮೊದಲೇ ಗೊತ್ತಾಗಿದ್ದರೆ ಶೀಶೆಯನ್ನು ಎಲ್ಲಿಟ್ಟುಕೊಳ್ಳಬೇಕೆಂಬ ತಲೆಬಿಸಿ ಕಂಪೌಂಡರ್ ಗುರಣ್ಣನಿಗೆ ಇರುತ್ತಿರಲಿಲ್ಲ. ಅಂಗಿಗಿರುವುದು ಒಂದೇ ಕಿಸೆ. ಅದೂ ಎಡಗಡೆ, ಸರಿಯಾಗಿ ಗುಂಡಿಗೆಯ ಮೇಲೆ. ಶಾಲು ಹೊದಿಸುವವರು ಹೊದಿಸಿ ಸುಮ್ಮನಿರುತ್ತಾರೆಯೇ, ಪ್ರೀತಿ ಉಕ್ಕಿ ಒಮ್ಮೆ ತಬ್ಬಿಕೊಳ್ಳುತ್ತಾರೆ. ದೌಲತರಾಯ ಧಣಿ ತಬ್ಬಿಕೊಂಡರೆ ಎಮ್ಮೆ ಬಂದು ಒರಗಿದ ಹಾಗೆ. ಕಿರುಬೆರಳಿನಷ್ಟೂ ಇಲ್ಲದ ಕಂದು ಗಾಜಿನ ಶೀಶೆ, ಮುರಿಯಲೆಂದೇ ಸಣ್ಣ ಕುತ್ತಿಗೆ ಮಾಡಿಟ್ಟ ಶೀಶೆ, ಆ ಭಾರಕ್ಕೆ ಉಳಿಯುವುದುಂಟೆ? ಅದು ಒಡೆದು, ಒಳಗಿನ ಔಷಧ ಅಂಗಿಗೆ ಹರಿದು, ಸತ್ಕಾರಕ್ಕೆ ನಿಂತವನ ಎದೆ ಸಭೆಯ ಮುಂದೆ ಒದ್ದೆಯಾಗಿ, ಅಲ್ಲಿಂದ ಮುಂದೆ ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಅಡ್ರಿನಲಿನ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಚೀಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಶೀಶೆಯನ್ನು ಅರಳೆಯಲ್ಲಿ ಸುತ್ತಿ, ಕಿಸೆಗಿಳಿಸಿ, ಮತ್ತೆ ತೆಗೆದ. ಕರಿಬಾವಿಯ ಸರಕಾರಿ ದವಾಖಾನೆಯಲ್ಲಿ, ಆ ಊರಿಗೂ ಸುತ್ತಲಿನ ಏಳು ಹಳ್ಳಿಗಳಿಗೂ ಸೇರಿ, ಆ ಔಷಧ ಉಳಿದಿದ್ದು ಅದೊಂದೇ. ಇನ್ನೊಂದು ಬೇಕೆಂದು ಬರೆದು ಕಳಿಸಿದರೆ ಬರಲು ಒಂದು ಮಳೆಗಾಲ ಹಿಡಿಯುತ್ತದೆ. ಆ ಒಂದನ್ನು ಇವತ್ತು ಹತ್ತು ಗಂಟೆಗೆ ವಾಡೆಯ ಅಂಗಳದಲ್ಲಿ, ಹಲಗೆ ವಾದ್ಯದ ನಡುವೆ, ಧಣಿಯ ಕೈಗೆ ಒಪ್ಪಿಸಬೇಕು. ಶಾಲು ಅವನಿಗೆ, ಶೀಶೆ ಧಣಿಗೆ. ಹಾಗೆಂದು ಡಾಕ್ಟರ್ ಸಾಹೇಬರೂ ಧಣಿಯೂ ಕೂತು ಮಾತಾಡಿಕೊಂಡಿದ್ದರು. ಚಹಾದ ಕಪ್ಪು ಹಿಡಿದು ಪಕ್ಕದಲ್ಲಿ ನಿಂತಿದ್ದ ಗುರಣ್ಣನನ್ನು ಯಾರೂ ಕೇಳಿರಲಿಲ್ಲ, ಅವನೂ ಹೂಂ ಅಂದಿದ್ದ.

ಶಿವಕಾಂತಾ ಒಲೆಯ ಮುಂದಿನಿಂದಲೇ ಗಂಡನನ್ನು ನೋಡುತ್ತಿದ್ದಳು. ಮದುವೆಯ ದಿನ ಸಹ ಕನ್ನಡಿಯ ಮುಂದೆ ಇಷ್ಟು ಹೊತ್ತು ನಿಂತವರಲ್ಲ ನೀವು, ಅಂದಳು. ಹತ್ತೊಂಬತ್ತು ವರ್ಷ ಊರ ಮಂದಿಯ ಕುಂಡಿಗೆಲ್ಲ ಸೂಜಿ ಚುಚ್ಚಿದಿರಿ, ಯಾವನೂ ಒಂದು ಟವೆಲ್ಲು ಹೊದಿಸಲಿಲ್ಲ. ಧಣಿಯ ತೊಡೆಗೆ ಒಂದು ಚುಚ್ಚಿದಿರಿ, ಸೋಲಾಪುರದಿಂದ ಶಾಲು ಬಂತು. ಮೊದಲೇ ಜಾಗ ನೋಡಿ ಚುಚ್ಚಿದ್ದರೆ ಇಷ್ಟೊತ್ತಿಗೆ ಪೆಟ್ಟಿಗೆ ತುಂಬ ಶಾಲು ಇರುತ್ತಿದ್ದವು, ಅಂದಳು. ನಗಿಸಲಿಕ್ಕೇ ಅಂದದ್ದು. ಬೇರೆ ದಿನವಾದರೆ ಅವನೂ ಒಂದು ಮಾತು ತಿರುಗಿಸಿ ಹೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದ. ಇವತ್ತು ಸುಮ್ಮನಿದ್ದುದನ್ನು ಕಂಡು ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನ್ರಿ, ಮೈಯಾಗ ಆರಾಮ ಇಲ್ಲೇನು? ಕೈ ಯಾಕ ಹಂಗ ನಡಗಾಕತ್ತಾವ?”

ಥಂಡಿ ಅಂದ. ಶಿವರಾತ್ರಿ ಕಳೆದು, ಬಿಸಿಲು ಬೆಳಿಗ್ಗೆಯೇ ಮಾಡಿನ ಹಂಚಿನ ಮೇಲೆ ಬಂದು ಕೂತಿತ್ತು. ಅವಳು ಹಂಚನ್ನು ನೋಡಿದಳು, ಗಂಡನನ್ನು ನೋಡಿದಳು, ರೊಟ್ಟಿ ಬಡಿದಳು.

ಕೈ ನಡುಗುವುದು ಯಾಕೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗುಲಬರ್ಗಾದಲ್ಲಿ ಕೆಲಸ ಕಲಿಯುವಾಗ ಅವನಿಗೆ ಗುರುವಾಗಿ ಸಿಕ್ಕವರು ಉಸ್ಮಾನಸಾಬರು. ನಿಜಾಮನ ಕಾಲದ ಕಂಪೌಂಡರು, ಬಾಯಿತುಂಬ ಎಲೆ, ಯಾವ ಡಾಕ್ಟರು ಬಂದರೂ ಕುರ್ಚಿ ಬಿಟ್ಟು ಏಳದ ಮನುಷ್ಯ. ಅವರು ಇಂಥದೇ ಶೀಶೆಯನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು, “ಬೇಟಾ, ಇದು ಹೆದರಿಕಿ,” ಅಂದಿದ್ದರು. “ಅಲ್ಲಾ ಎರಡೂ ಗುರ್ದಾದ ಮ್ಯಾಲೆ ಒಂದೊಂದು ಟೋಪಿ ಇಟ್ಟಾನ. ಹುಲಿ ಕಂಡಾಗ ಆ ಟೋಪಿಯೊಳಗಿಂದ ಇದೇ ಇಳಿತದ. ಅದನ್ನ ಕಂಪನಿಯವ್ರು ಶೀಶೆದಾಗ ತುಂಬ್ಯಾರ, ಅಷ್ಟೇ.” ಗುರ್ದಾ ಅಂದರೆ ಮೂತ್ರಪಿಂಡ ಎಂದು ಗುರಣ್ಣನಿಗೆ ಹೊಳೆಯುವ ಹೊತ್ತಿಗೆ ಅವರು ಮುಂದೆ ಹೋಗಿಬಿಟ್ಟಿದ್ದರು. ಒಗ್ಗದ ಸೂಜಿ ಮೈಗೆ ಹೋದಾಗ, ಜೇನು ಕಚ್ಚಿದಾಗ, ಕೆಲವರ ಮೈ ಅವರ ಮೇಲೆಯೇ ತಿರುಗಿ ಬೀಳುತ್ತದೆ. ಮೈತುಂಬ ತುರಿಸುವ ಕೆಂಪು ಗಂಧೆ ಏಳುತ್ತವೆ, ಗಂಟಲು ಒಳಗಿಂದೊಳಗೇ ಉಬ್ಬುತ್ತದೆ, ನಾಡಿ ದಾರದ ಎಳೆಯಾಗಿ ಬೆರಳಿಗೆ ಸಿಗದೆ ಹೋಗುತ್ತದೆ. ಆಗ ಈ ಹೆದರಿಕೆಯೊಂದೇ ಗುಂಡಿಗೆಗೆ ಒದ್ದು ಎಬ್ಬಿಸುವುದು, ಗಂಟಲಿನ ಬಾಗಿಲು ತೆಗೆಯುವುದು. ಅರ್ಧ ಶೀಶೆ, ತೊಡೆಯ ಮಾಂಸಕ್ಕೆ. ರಕ್ತನಾಳಕ್ಕೆ ಚುಚ್ಚಿದೆಯೋ, ಕೊಂದವನು ನೀನೇ. ನೆಲಕ್ಕೆ ಮಲಗಿಸಿ ಕಾಲು ಎತ್ತರಕ್ಕಿಡು. ಐದು ನಿಮಿಷ ನೋಡು, ಚೇತರಿಸದಿದ್ದರೆ ಉಳಿದರ್ಧ. “ನಮಾಜಿಗೂ ಟೈಮ್ ಇಲ್ಲ, ಡಾಕ್ಟರಿಗೆ ಹೇಳಿ ಕಳ್ಸಾಕೂ ಟೈಮ್ ಇಲ್ಲ. ನೆನಪಿರ್ಲಿ.” ನೆನಪಿತ್ತು. ಹತ್ತೊಂಬತ್ತು ವರ್ಷವೂ ನೆನಪಿತ್ತು. ಮರೆತಿದ್ದರೆ, ಮರೆತೆ ಎಂದು ಯಾರಿಗಾದರೂ ಹೇಳಿಕೊಂಡು ಹಗುರಾಗಬಹುದಿತ್ತು.

ಅಂಗಿಯ ಗುಂಡಿ ಹಾಕಿಕೊಂಡು ಹೊರಬಿದ್ದವನು ವಾಡೆಯ ಕಡೆ ಹೋಗದೆ ದವಾಖಾನೆಯ ಕಡೆ ನಡೆದ. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಮುಗಿದರು. ಒಂದು ತಿಂಗಳಿನಿಂದ ಹೀಗೇ. ಮೊದಲು ‘ಗುರಣ್ಣ, ಒಂದು ಸೂಜಿ ಮಾಡಿಬಿಡು’ ಎಂದು ದಾರಿಯಲ್ಲೇ ತೋಳು ಮಡಚುತ್ತಿದ್ದವರು ಈಗ ರೀ ಹಚ್ಚಿ ಮಾತಾಡುತ್ತಾರೆ. ಸತ್ತ ಧಣಿಯನ್ನು ಎಬ್ಬಿಸಿದವನು ಎಂಬ ಸುದ್ದಿ ಗಾಣಗಾಪುರಕ್ಕೆ ಬಂದುಹೋಗುವ ಯಾತ್ರಿಕರ ಬಾಯಲ್ಲಿ ಹತ್ತಿ ಮಹಾರಾಷ್ಟ್ರದ ತನಕ ಹೋಗಿತ್ತು. ಆ ಧಣಿಯನ್ನು ಸಾವಿನ ಬಾಗಿಲಿಗೆ ಒಯ್ದು ನಿಲ್ಲಿಸಿದವನು ಯಾರು ಎಂದು ಮಾತ್ರ ಒಬ್ಬ ಯಾತ್ರಿಕನೂ ಕೇಳಲಿಲ್ಲ.

ಧಣಿಯ ಅಂಗಾಲಿಗೆ ಜಾಲಿಮುಳ್ಳು ಹೊಕ್ಕು ಕೀವಾಗಿತ್ತು, ಅಷ್ಟೇ. ಡಾಕ್ಟರ್ ಅಮೃತರಾವ್ ಗುಲಬರ್ಗಾದಲ್ಲಿ ಮನೆ ಮಾಡಿಕೊಂಡು ಸೋಮವಾರ ಮತ್ತು ಗುರುವಾರ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವರು. ಪೆನ್ಸಿಲಿನ್ ಎಂದು ಬರೆದು ಹೋಗಿದ್ದರು, ಮಾಡಬೇಕಾದವನು ಗುರಣ್ಣ. ಪೆನ್ಸಿಲಿನ್ ಮಾಡುವ ಮುಂಚೆ ಮುಂಗೈಯ ತೊಗಲಿನಡಿಗೆ ಒಂದು ಹನಿ ಚುಚ್ಚಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ಅಲ್ಲಿ ಕೆಂಪಗೆ ಉಬ್ಬುತ್ತದೋ ಎಂದು ನೋಡಬೇಕು. ಊರಿನವರ ಬಾಯಲ್ಲಿ ಅದು ಪರೀಕ್ಷೆ ಸೂಜಿ. ದವಾಖಾನೆಯ ಆ ಬೆಂಚಿನ ಮೇಲೆ ದಿನಾ ನಾಲ್ಕೈದು ಮಂದಿ ತಮ್ಮ ತಮ್ಮ ಮುಂಗೈ ನೋಡುತ್ತ, ಪಾಸೋ ಫೇಲೋ ಎಂದು ಒಬ್ಬರನ್ನೊಬ್ಬರು ಕೇಳುತ್ತ ಕೂತಿರುತ್ತಾರೆ. ಹೊಲದ ಆಳು, ಕುರಿ ಕಾಯುವವರು, ಬೀಡಿ ಕಟ್ಟುವ ಹೆಂಗಸರು. ಪೊಲೀಸ್ ಪಾಟೀಲರು ಆ ಬೆಂಚಿನ ಮೇಲೆ ಎಂದೂ ಕೂತಿಲ್ಲ. ಸಾಲೆಯ ಹೆಡ್ ಮಾಸ್ತರು, ಮಠದ ಅಯ್ಯನವರು ಕೂತಿಲ್ಲ. ಅವರಿಗೆ ಪರೀಕ್ಷೆ ಬೇಡವೆಂದು ಯಾರೂ ಹೇಳಿರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ವಾಡೆಯ ಅಗಸೆ ಬಾಗಿಲು ದಾಟುವಾಗ ಕೈ ತಾನಾಗಿ ಚಪ್ಪಲಿಗೆ ಹೋಗುವ ಹಾಗೆ, ಹತ್ತೊಂಬತ್ತು ವರ್ಷದಲ್ಲಿ ಆ ರಿವಾಜು ತಾನಾಗಿಯೇ ಬೆಳೆದಿತ್ತು. ಆದರೂ ಅವತ್ತು ಗುರಣ್ಣ ಬಾಯಿ ತೆಗೆದಿದ್ದ. ಧಣೇರ, ಮೊದಲು ಒಂದು ಹನಿ, ಎಂದು ಶುರು ಮಾಡಿದ್ದ. ಲೋಡಿಗೆ ಒರಗಿದ್ದ ದೌಲತರಾಯರು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಹುಬ್ಬನ್ನು ಒಂದು ಜೋಳದಕಾಳಿನಷ್ಟು ಏರಿಸಿದರು.

“ನನ್ನ ಪರೀಕ್ಷಾ ಮಾಡ್ತಿ ಏನೋ ಗುರಣ್ಣ?”

“ನಿಮಗ ಯಾತರ ಪರೀಕ್ಷಾರಿ ಧಣೇರ,” ಎಂದು ಅಂದವನು ತಾನೇ. ನಕ್ಕವನೂ ತಾನೇ. ನಗುತ್ತಲೇ ಚುಚ್ಚಿದ. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಧಣಿ ಅಂಗೈ ಕೆರೆದುಕೊಳ್ಳಲು ಶುರು ಮಾಡಿದರು.

ಮುಂದಿನದನ್ನು ಊರಿನವರು ಹೇಳುವಾಗ ಗುರಣ್ಣ ಗಾಳಿಯಲ್ಲಿ ಹಾರಿಹೋದ. ಅವನ ನೆನಪಿನಲ್ಲಿ ಅವನು ಓಡಿದ್ದು ಎರಡೂ ಕೈಯಲ್ಲಿ ಧೋತರ ಎತ್ತಿಕೊಂಡು, ನಾಯಿ ಬೆನ್ನುಹತ್ತಿದವನ ಹಾಗೆ, ವಾಡೆಯಿಂದ ದವಾಖಾನೆಗೆ ಇನ್ನೂರು ಹೆಜ್ಜೆ. ತುರ್ತಿನ ಔಷಧವೆಲ್ಲ ಗಾಜಿನ ಬಾಗಿಲಿನ ಅಲಮಾರಿಯಲ್ಲಿ, ಅಲಮಾರಿಗೆ ಕೀಲಿ, ಕೀಲಿಕೈ ಗುಲಬರ್ಗಾದಲ್ಲಿ ಡಾಕ್ಟರ್ ಸಾಹೇಬರ ಮನೆಯ ಮೊಳೆಗೆ. ಸರಕಾರಿ ಔಷಧ ಕಂಪೌಂಡರನ ಕೈಗೆ ಬಿಟ್ಟರೆ ಪೋಲಾಗುತ್ತದೆಂದು ಸಾಹೇಬರ ಕಟ್ಟುನಿಟ್ಟು. ಗಾಜಿನ ಹಿಂದೆ ಎರಡು ಕಂದು ಶೀಶೆ ಅಕ್ಕಪಕ್ಕ ನಿಂತಿದ್ದವು. ಗುರಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. ಬಾಗಿಲು ಗಾಳಿಗೆ ಬಡಿಯದಿರಲೆಂದು ಒರಗಿಸಿಟ್ಟಿದ್ದ ಕರಿಕಲ್ಲು, ಹಳೆಯ ರುಬ್ಬುವ ಗುಂಡಿನ ತುಂಡು, ಅದನ್ನು ಎತ್ತಿ ಗಾಜಿಗೆ ಹಾಕಿದ. ಕಸ ಬಳಿಯುತ್ತಿದ್ದ ಬಾಳಮ್ಮ ಕಸಬರಿಗೆ ಹಿಡಿದು ಹಾಗೇ ಗೋಡೆಗೆ ಸರಿದು ನಿಂತಳು. ಅವಳ ಮುಖ ನೋಡಲು ಆಗ ಅವನಿಗೆ ಸಮಯವಿರಲಿಲ್ಲ. ಎರಡೂ ಶೀಶೆ ಹಿಡಿದು ವಾಪಸ್ಸು ಓಡಿದರೆ ವಾಡೆಯಲ್ಲಿ ಹತ್ತು ಮಂದಿ ಸೇರಿ ಧಣಿಯನ್ನು ಗೌರವದಿಂದ ಕೂರಿಸಿ ಹಿಡಿದಿದ್ದರು. ತುಟಿ ಬದನೆಕಾಯಿಯಾಗಿತ್ತು, ಉಸಿರು ಶೀಟಿ ಹೊಡೆಯುತ್ತಿತ್ತು. ಧಣಿಯ ಹೆಂಡತಿ ಕಸ್ತೂರಿಬಾಯಿ ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು, ಯಾರೋ ಚಪ್ಪಲಿ ಮೂಸಿಸಲೇ ಎಂದು ಕೇಳಿ ಯಾರದನ್ನು ಮೂಸಿಸುವುದೆಂದು ಹಿಂಜರಿಯುತ್ತಿದ್ದರು. ಕೆಳಗ ಮಲಗಿಸ್ರಿ, ಕಾಲ ಎತ್ತ್ರಿ, ಎಂದ ಗುರಣ್ಣ. ದೇವರ ಜಗಲಿಯ ಕಡೆಗೆ ಕಾಲೇ ಎಂದು ಯಾರೋ ಅಂದರು. ಅವನು ಜೀವಮಾನದಲ್ಲಿ ಮೊದಲ ಸಲ ಆ ಮನೆಯಲ್ಲಿ ದನಿ ಎತ್ತರಿಸಿದ. ಜೋಳದ ಚೀಲದ ಮೇಲೆ ಧಣಿಯ ಕಾಲಿಡಿಸಿ, ಧೋತರದ ಮೇಲಿಂದಲೇ ತೊಡೆಗೆ ಅರ್ಧ ಶೀಶೆ ಇಳಿಸಿದ. ಮೂರು ನಿಮಿಷ. ಶೀಟಿ ನಿಂತಿತು. ಕೈಕಾಲು ಗಡಗಡ ನಡುಗಿದವು, ಎದೆ ಕುದುರೆಯಾಗಿ ಓಡಿತು, ಕಣ್ಣು ತೆರೆದವು. ಸಾವಿನ ಅಗಸೆಯಿಂದ ತಿರುಗಿ ಬಂದ ದೌಲತರಾಯರು ಆಡಿದ ಮೊದಲ ಮಾತನ್ನು ಊರು ಇವತ್ತಿಗೂ ಹೇಳುವುದಿಲ್ಲ.

“ಯಾವನ್ಲೇ ಅಂವ, ನನ್ನ ಹೊಸಾ ಧೋತರಕ್ಕ ತೂತು ಹಾಕಿದವ?”

ಅಂದಿನಿಂದ ಧಣಿಯ ತಲೆಯಲ್ಲಿ ಒಂದೇ ಸಂಗತಿ. ಆ ಸೂಜಿ ಬಿದ್ದ ಮೇಲೆ ಎದೆ ಹೊಡೆದುಕೊಂಡದ್ದು, ಮೈ ಬಿಸಿಯೇರಿ ನಡುಗಿದ್ದು, ಅದು ಅವರಿಗೆ ಇಪ್ಪತ್ತರ ಹರೆಯ ತಿರುಗಿ ಬಂದ ಹಾಗೆ ಕಂಡಿತ್ತು. ಬಂದವರಿಗೆಲ್ಲ ವರ್ಣಿಸಿದರು. ಉಳಿದ ಇನ್ನೊಂದು ಶೀಶೆ ದವಾಖಾನೆಯಲ್ಲಿ ಯಾಕಿರಬೇಕು, ಯಾವನೋ ಬಂದು ಚುಚ್ಚಿಸಿಕೊಂಡು ಹೋದರೆ ಏನು ಗತಿ, ವಾಡೆಯಲ್ಲಿರಲಿ ಅಂದರು. ಅಕ್ಕಸಾಲಿಗನನ್ನು ಕರೆಸಿ, ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಯಂಥದೇ ಒಂದು ಡಬ್ಬಿ ಮಾಡಿಸಿದರು, ಒಳಗೆ ಕೆಂಪು ಮಖಮಲ್ಲು. ಡಾಕ್ಟರ್ ಅಮೃತರಾವರಿಗೆ ಗುಲಬರ್ಗಾ ಬಿಟ್ಟು ದೂರದ ಊರಿಗೆ ವರ್ಗವಾಗುವ ಹೆದರಿಕೆಯಿತ್ತು, ಆ ಹೆದರಿಕೆಗೆ ಔಷಧ ಧಣಿಯ ಬಳಿಯಿತ್ತು. ಸರಕಾರದ್ದಾದರೇನು, ಧಣೇರದ್ದಾದರೇನು, ಅಂದುಬಿಟ್ಟರು.

ದವಾಖಾನೆಯ ಹಿಂದಿನ ಹುಣಸೆಮರದಲ್ಲಿ ಹೆಜ್ಜೇನಿನ ಹುಟ್ಟುಗಳು ಈ ವರ್ಷ ನಾಲ್ಕಾಗಿದ್ದವು. ಮೊರದಂಥ ಹುಟ್ಟು, ಕರಿ ಕಂಬಳಿ ಒಣಗಹಾಕಿದ ಹಾಗೆ. ಗುರಣ್ಣ ಅವುಗಳ ಕಡೆ ನೋಡದೆ ಬಾಗಿಲು ತೆಗೆಯಬೇಕೆಂದುಕೊಂಡ, ನೋಡಿದ. ಹೋದ ವರ್ಷ ಎರಡೇ ಇದ್ದವು. ಒಂದು ಹದ್ದು ಬಡಿದು ಹುಳ ಎದ್ದಾಗ ಕೆಳಗೆ ಕುರಿ ಬಿಟ್ಟುಕೊಂಡು ನಿಂತವನು ಬೀರಣ್ಣ. ಕುರಿಗಳನ್ನು ಹೊಡೆದು ಓಡಿಸಿ, ಕಂಬಳಿ ಹೊದ್ದು, ಹೆಂಡತಿ ಬಾಳಮ್ಮನ ಜೊತೆ ತನ್ನ ಕಾಲ ಮೇಲೇ ನಡೆದು ಬಂದಿದ್ದ. ನಗುತ್ತಲೇ ಬಂದಿದ್ದ, ನಿನ್ನ ಸೂಜಿಗಿಂತ ಇವರ ಸೂಜಿ ಛಲೋ ಅದಾವ ನೋಡು ಗುರಣ್ಣ, ಅಂದಿದ್ದ. ಮೈಯೆಲ್ಲ ಗಂಧೆ ಎದ್ದಿದ್ದವು. ಮಾತು ಮುಗಿಯುವಾಗ ದನಿ ಬದಲಾಗಿತ್ತು. ಗುರಣ್ಣ ನಾಡಿ ಹಿಡಿದ, ದಾರದ ಎಳೆ. ಗಾಜಿನ ಹಿಂದೆ ಎರಡು ಶೀಶೆ ನಿಂತಿದ್ದವು. ಅವನು ಅವನ್ನು ನೋಡಿದ, ಕೀಲಿಯನ್ನು ನೋಡಿದ. ಉಸ್ಮಾನಸಾಬರ ಒಂದೊಂದು ಮಾತೂ ಕಿವಿಯಲ್ಲಿತ್ತು. ಆದರೆ ಕೈ ಹೋದದ್ದು ಹೊರಗಿನ ತಟ್ಟೆಗೆ. ಅಲ್ಲಿ ಇದ್ದದ್ದು ತಾಕತ್ತಿನ ಸೂಜಿ, ಬಿ-ಕಾಂಪ್ಲೆಕ್ಸು, ಅದೂ ಕಂದು ಶೀಶೆಯೇ, ಬರೇ ಒಂದಿಷ್ಟು ದಪ್ಪ. ಜ್ವರಕ್ಕೂ ಅದೇ, ಸೊಂಟನೋವಿಗೂ ಅದೇ, ಏನೂ ಇಲ್ಲದೆ ಸೂಜಿ ಬೇಕು ಅನ್ನುವವರಿಗೂ ಅದೇ. ಅದನ್ನು ಮಾಡಿ, ಒಂದು ಅಲರ್ಜಿ ಗುಳಿಗೆ ನುಂಗಿಸಿ, ಅಫಜಲಪುರದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಚಕ್ಕಡಿ ಕಟ್ಟಿಸಿದ. ಚಕ್ಕಡಿ ಹಳ್ಳ ದಾಟಲಿಲ್ಲ.

ಒಂದು ವರ್ಷ ಅವನು ತನಗೆ ತಾನೇ ಹೇಳಿಕೊಂಡು ಬಂದದ್ದು, ಕೈಕಾಲು ಆಡಲಿಲ್ಲ, ಗಾಬರಿಯಾಯಿತು ಎಂದು. ಧಣಿಯ ತೊಡೆಗೆ ಸೂಜಿ ಇಳಿಸಿ ಹೊರಗೆ ಕಟ್ಟೆಯ ಮೇಲೆ ಬಂದು ಕೂತಾಗಲೇ ಆ ಸುಳ್ಳು ಬಿಚ್ಚಿಕೊಂಡದ್ದು. ಅವತ್ತು ತನ್ನ ಎದೆ ಹೊಡೆದುಕೊಂಡ ಹೊಡೆತಕ್ಕೆ ಅಂಗಿ ಕುಣಿಯುತ್ತಿತ್ತು. ಬಾಯಿ ಒಣಗಿತ್ತು, ಬೆರಳು ಚಿಟಚಿಟ ಅನ್ನುತ್ತಿದ್ದವು. ತನಗಾಗಿ ಒಂದು ಪೂರ್ತಿ ಶೀಶೆ ಒಳಗಿನಿಂದಲೇ ಇಳಿದಿತ್ತು. ಬೀರಣ್ಣನ ದಿನ ಅದು ಇಳಿದಿರಲಿಲ್ಲ. ಅದೇ ನಿಜ. ಬೀರಣ್ಣನ ನಾಡಿ ಕೈಯಲ್ಲಿ ಹಿಡಿದಾಗ ತನ್ನ ನಾಡಿ ಮಧ್ಯಾಹ್ನದ ನಿದ್ದೆಯಿಂದ ಎದ್ದವನ ನಾಡಿಯಷ್ಟು ನಿಧಾನವಾಗಿತ್ತು. ಗಾಜು ಒಡೆದರೆ ಡಾಕ್ಟರ್ ಸಾಹೇಬರು ಏನನ್ನುತ್ತಾರೋ ಎಂದು ಒಂದು ಹನಿ, ಅಷ್ಟೇ, ಒಂದು ಹನಿ ಹೆದರಿಕೆ. ಗುರ್ದಾದ ಮೇಲಿನ ಟೋಪಿಗೆ ಮನುಷ್ಯನ ಅಂತಸ್ತು ಗೊತ್ತಿರುತ್ತದೆ ಎಂದು ಉಸ್ಮಾನಸಾಬರು ಹೇಳಿರಲಿಲ್ಲ. ಯಾರನ್ನು ಕಂಡರೆ ಎಷ್ಟು ಇಳಿಯಬೇಕೆಂದು ಅದು ಕಲಿತುಬಿಟ್ಟಿತ್ತು, ಪರೀಕ್ಷೆ ಸೂಜಿ ಯಾರಿಗೆ, ಯಾರಿಗಿಲ್ಲ ಎಂದು ಕೈ ಕಲಿತ ಹಾಗೆ. ಬೀರಣ್ಣ ಹೋದ ಮೇಲೆ ಊರು ಬಾಳಮ್ಮನಿಗೆ ದಯೆ ತೋರಿಸಿತು, ದವಾಖಾನೆಯ ಕಸ ಬಳಿಯುವ ಕೆಲಸ ಕೊಟ್ಟಿತು. ಅಂದಿನಿಂದ ದಿನಾ ಅವಳು ಆ ಅಲಮಾರಿಯ ಗಾಜನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು, ಅವನು ಒಡೆಯುವ ತನಕ.

ಗುರಣ್ಣ ಈಗ ಅದೇ ತಟ್ಟೆಯಿಂದ ಒಂದು ತಾಕತ್ತಿನ ಶೀಶೆ ತೆಗೆದ. ಯಾಕೆ ತೆಗೆದೆ ಎಂದು ಕೇಳಿಕೊಳ್ಳಲಿಲ್ಲ. ಅದರ ಚೀಟಿಯನ್ನು ಉಗುರಿನಿಂದ ಕೆರೆದ, ಪೂರ್ತಿ ಹೋಗುವ ತನಕ, ಅದನ್ನೂ ಕೇಳಿಕೊಳ್ಳಲಿಲ್ಲ. ಒಂದಕ್ಕೆ ಒಂದು ಜೊತೆಯಿದ್ದರೆ ಕಿಸೆಯಲ್ಲಿ ಅಲ್ಲಾಡುವುದಿಲ್ಲ ಎಂದುಕೊಂಡು ಎರಡನ್ನೂ ಅರಳೆಯಲ್ಲಿ ಸುತ್ತಿ ಗುಂಡಿಗೆಯ ಮೇಲಿಟ್ಟುಕೊಂಡು ಹಲಗೆಯ ಸದ್ದು ಬಂದ ಕಡೆಗೆ ನಡೆದ.

ವಾಡೆಯ ಅಂಗಳ ತುಂಬಿತ್ತು. ಮೇಜಿಗೆ ಜಮಖಾನೆ ಹೊದಿಸಿ, ಹಿತ್ತಾಳೆಯ ತಂಬಿಗೆಯಲ್ಲಿ ಚೆಂಡುಹೂ ಇಟ್ಟಿದ್ದರು. 'ಕರಿಬಾವಿ ಸಮಸ್ತ ದೈವದವರಿಂದ' ಎಂದು ಅರಿವೆಯ ಮೇಲೆ ಬರೆಸಿ ಕಟ್ಟಿದ್ದರು. ಸಮಸ್ತ ದೈವ, ಅಂದರೆ ಊರ ಮಂದಿಯೆಲ್ಲ, ಬಿಸಿಲಿನಲ್ಲಿ ನೆಲದ ಮೇಲೆ ಕೂತಿತ್ತು, ನಾಲ್ಕು ಕುರ್ಚಿ ನೆರಳಿನಲ್ಲಿದ್ದವು. ಅದರಲ್ಲಿ ಒಂದು ತನಗೆಂದು ಗೊತ್ತಾಗಲು ಗುರಣ್ಣನಿಗೆ ಹೊತ್ತು ಹಿಡಿಯಿತು. ಧಣಿಯ ಎದುರು ಕುರ್ಚಿಯಲ್ಲಿ ಕೂರುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಂಚಿನಲ್ಲಿ ಮುಕ್ಕಾಲು ಭಾಗ ನಿಂತ ಹಾಗೆ ಕೂತ. ಡಾಕ್ಟರ್ ಅಮೃತರಾವ್ ಅರ್ಧ ಗಂಟೆ ಮಾತಾಡಿದರು. ತಮ್ಮ ತರಬೇತಿಯಲ್ಲಿ ತಯಾರಾದ ಕಂಪೌಂಡರು, ಅಂದರು. ಈ ಘಟನೆಯಿಂದ ದವಾಖಾನೆ ಒಂದು ದೊಡ್ಡ ಪಾಠ ಕಲಿತಿದೆ, ಗಾಜಿನ ಅಲಮಾರಿ ಭದ್ರವಲ್ಲ, ಯಾರಾದರೂ ಕಲ್ಲು ಎತ್ತಿ ಹಾಕಿದರೆ ಒಡೆದುಹೋಗುತ್ತದೆ, ಹೀಗಾಗಿ ದಾನಿಗಳಾದ ದೌಲತರಾಯರು ಉಕ್ಕಿನ ಅಲಮಾರಿಯೊಂದನ್ನು ಕೊಡಿಸಿದ್ದಾರೆ, ಅದನ್ನು ಯಾರ ಅಪ್ಪನೂ ಒಡೆಯಲಾರ, ಅಂದರು. ಸಮಸ್ತ ದೈವ ಚಪ್ಪಾಳೆ ತಟ್ಟಿತು. ಗುರಣ್ಣನೂ ತಟ್ಟಿದ.

ಎರಡು ಮಾತು ಆಡು ಎಂದು ಎಬ್ಬಿಸಿದಾಗ ಅವನು ಒಂದೇ ಮಾತು ಸಿದ್ಧ ಮಾಡಿಕೊಂಡಿದ್ದ. ಹೇಳಿದರೆ ಇಡೀ ಗಂಟು ಬಿಚ್ಚಬಹುದು, ಅವರೇ ಕೇಳಬಹುದು, ಆಗ ಹೇಳಿಬಿಟ್ಟರಾಯಿತು ಎಂದುಕೊಂಡಿದ್ದ. ಧಣೇರು ಇನ್ನು ಮೇಲೆ ಪೆನ್ಸಿಲಿನ್ ತಗೋಬಾರದು, ಎಂದೂ, ಯಾರು ಕೊಟ್ಟರೂ. ಅವತ್ತು ಆದದ್ದು ಅದರಿಂದಲೇ, ಅಂದ. ಧಣಿ ಡಾಕ್ಟರರ ಕಡೆ ನೋಡಿದರು. ಡಾಕ್ಟರು ಎದ್ದು ನಿಂತು, ಹೌದು, ಕೆಲವರ ರಕ್ತ ಬಹಳ ಸೂಕ್ಷ್ಮ, ಪೆನ್ಸಿಲಿನ್ನಿನಂಥ ಒರಟು ಔಷಧ ಅಂಥ ರಕ್ತ ತಾಳುವುದಿಲ್ಲ, ಅಂದರು. ದೌಲತರಾಯರ ಮುಖ ಅರಳಿತು. ಸುತ್ತ ನೋಡಿದರು.

“ನಮ್ಮ ಅಜ್ಜಾನೂ ಹಂಗ ಇದ್ದ. ರಕ್ತ ಭಾಳ ನಾಜೂಕು ನಮ್ಮ ಮನಿದು.”

ನೆಲದ ಮೇಲೆ ಕೂತವರು, ಪರೀಕ್ಷೆಯಲ್ಲಿ ಪಾಸಾದ ಒರಟು ರಕ್ತದವರು, ತಲೆ ಅಲ್ಲಾಡಿಸಿದರು. ಗುರಣ್ಣನ ಗಂಟು ಬಿಚ್ಚಲಿಲ್ಲ; ಅದರ ಮೇಲೆ ಇನ್ನೊಂದು ಗಂಟು ಬಿತ್ತು, ರೇಷ್ಮೆಯದು.

ಶಾಲು ಬಲಗಡೆಯಿಂದ ಬಂತು. ಧಣಿ ತಬ್ಬಿಕೊಳ್ಳಲಿಲ್ಲ, ಬೆನ್ನ ಮೇಲೆ ಎರಡು ಸಲ ತಟ್ಟಿದರು, ಎತ್ತಿಗೆ ತಟ್ಟುವ ಹಾಗೆ. ಅಷ್ಟಕ್ಕೆ ಬೆಳಗಿನಿಂದ ಹೊತ್ತ ಚಿಂತೆಯೆಲ್ಲ ವ್ಯರ್ಥವಾಗಿ ಅವನಿಗೆ ವಿನಾಕಾರಣ ಅವಮಾನವಾಯಿತು. ಕಸ್ತೂರಿಬಾಯಿ ಬೆಳ್ಳಿ ಡಬ್ಬಿಯನ್ನು ತಟ್ಟೆಯಲ್ಲಿಟ್ಟು ತಂದರು, ಮುಚ್ಚಳ ತೆಗೆದರು, ಕೆಂಪು ಮಖಮಲ್ಲು ಬಾಯಿ ತೆರೆಯಿತು. ಗುರಣ್ಣ ಕಿಸೆಗೆ ಕೈ ಹಾಕಿದ. ಅರಳೆಯೊಳಗೆ ಎರಡು. ಸಣ್ಣದು, ದಪ್ಪನೆಯದು. ಹುಣಸೆಮರದಲ್ಲಿ ನಾಲ್ಕು ಹುಟ್ಟು. ಸಣ್ಣದನ್ನು ಕೊಟ್ಟರೆ ಅದು ಈ ಮಖಮಲ್ಲಿನಲ್ಲಿ ಊದಿನಕಡ್ಡಿಯ ಹೊಗೆ ಕುಡಿಯುತ್ತ ಕೂತಿರುತ್ತದೆ, ಅವಧಿ ಮುಗಿದ ಮೇಲೂ. ದಪ್ಪನೆಯದನ್ನು ಕೊಟ್ಟು ನಾಳೆ ಧಣಿಗೇ ಬೇಕಾದರೆ? ಬೇಕಾದರೆ ಚುಚ್ಚಲು ತನ್ನನ್ನೇ ಕರೆಯಬೇಕು. ಆಗ ನಿಜವಾದದ್ದನ್ನು ಹಿಡಿದೇ ಹೋಗುತ್ತೇನೆ. ಕೈ ತುಂಬ ಹೊತ್ತು ಕಿಸೆಯಲ್ಲೇ ಉಳಿದಿದ್ದರಿಂದ ಯಾರೋ ನಕ್ಕರು, ಕೊಡಲು ಮನಸ್ಸಿಲ್ಲ ಪಾಪ, ಅಂದರು. ಎದೆ ಹೊಡೆಯುತ್ತಿತ್ತು, ಧಣಿಯ ದಿನದಷ್ಟೇ. ಮೊದಲ ಸಲ ಆ ಹೊಡೆತ ಧಣಿಗಾಗಿ ಅಲ್ಲ ಅನಿಸಿತು. ದಪ್ಪನೆಯದನ್ನು ತೆಗೆದ.

ಡಾಕ್ಟರ್ ಅಮೃತರಾವ್ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕ್ಷಣ ತಿರುಗಿಸಿ ನೋಡಿದರು. ಒಳಗಿನ ನೀರು ಹಳದಿ ಎಂದು ಕಣ್ಣಿದ್ದವರಿಗೆ ಕಾಣುತ್ತಿತ್ತು. “ನೋಡ್ರಪ್ಪಾ,” ಅಂದರು ಡಾಕ್ಟರು ಸಭೆಗೆ, “ಇದೇ ಆ ಸಂಜೀವಿನಿ.” ಹಲಗೆ ಬಡಿಯಿತು. ಕಸ್ತೂರಿಬಾಯಿ ಅದಕ್ಕೆ ಕುಂಕುಮ ಹಚ್ಚಿ, ಮಖಮಲ್ಲಿನ ಮೇಲೆ ಮಲಗಿಸಿದರು. ಹಿಂದೆ, ದನದ ಕೊಟ್ಟಿಗೆಯ ಬದಿಗೆ, ಅಂಗಳ ಬಳಿಯಲು ಬಂದ ಹೆಂಗಸರ ನಡುವೆ ಬಾಳಮ್ಮ ನಿಂತಿದ್ದಳು. ಅವಳು ಎತ್ತಿ ಹಿಡಿದ ಶೀಶೆಯನ್ನು ನೋಡಿದಳು, ಆಮೇಲೆ ಗುರಣ್ಣನನ್ನು ನೋಡಿದಳು. ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು.

ಒಂದು ಗಂಟೆಯ ಬಸ್ಸಿಗೆ ಮುಂಚೆ ಡಾಕ್ಟರ್ ಸಾಹೇಬರು ದವಾಖಾನೆಗೆ ಬಂದು ಉಕ್ಕಿನ ಅಲಮಾರಿಗೆ ಪೂಜೆ ಮಾಡಿಸಿದರು. ದವಾಖಾನೆಯ ಹೆಸರಿಗಿಂತ ದಾನಿಗಳ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಒಳಗೆ ಇಡಲು ಬ್ಯಾಂಡೇಜಿನ ಅರಿವೆ, ಒಂದು ಕತ್ತರಿ, 'ತುರ್ತು' ಎಂದು ಬರೆದ ಖಾಲಿ ತಟ್ಟೆ ಇದ್ದವು. ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಕೈಯನ್ನು ಕಿಸೆಗಿಳಿಸಿ ಬಸ್ಸು ಹತ್ತಿದರು. ಗುರಣ್ಣ ಶಾಲು ಹೊದ್ದುಕೊಂಡೇ ಬೆಂಚಿನ ಮೇಲೆ ಕುಸಿದ. ಬಾಳಮ್ಮ ಹೂವಿನ ಎಸಳು ಬಳಿಯಲು ಬಂದಳು. ಬಾಗಿಲನ್ನು ಪೂರ್ತಿ ತೆಗೆದು, ಮೂಲೆಯಲ್ಲಿದ್ದ ಕರಿಕಲ್ಲನ್ನು ಕಾಲಿನಿಂದ ಸರಿಸಿ ಅದಕ್ಕೆ ಒರಗಿಸಿದಳು.

“ಗುರಣ್ಣೋರ,” ಅಂದಳು ಬಗ್ಗಿ ಬಳಿಯುತ್ತಲೇ, “ಧಣೇರ ಡಬ್ಬ್ಯಾಗ ಹೋಗಿದ್ದು, ನಮ್ಮ ಮನಿಯವಂಗ ಮಾಡಿದ್ರಲ್ಲ, ಅದೇ ಸೂಜಿ ಅಲ್ರಿ?”

ಅವನು ಹೌದು ಅಂದ. ನಿನಗ ಹೆಂಗ ಗೊತ್ತು, ಎಂದು ಕೇಳಿದ.

“ದಿನಾ ನೀವು ಮುರಿದು ಒಗದಿದ್ದನ್ನ ಬಳಿಯಾಕಿ ನಾನ ಅಲ್ರಿ. ಅದು ದಪ್ಪಂದು. ಜೀವದ್ದು ಸಣ್ಣಂದಿರ್ತದ.”

ಅವನು ಕಿಸೆಯಿಂದ ಅರಳೆ ತೆಗೆದು ಬಿಚ್ಚಿದ. ಅಂಗೈಯಲ್ಲಿ ಸಣ್ಣದು. ಇದನ್ನ ಎಲ್ಲಿಡ್ಲಿ ಬಾಳಮ್ಮ, ಅಂದ; ಕತ್ತಲಿರಬೇಕು, ತಂಪಿರಬೇಕು, ಕೀಲಿ ಇರಬಾರದು. ಅವಳು ಉಕ್ಕಿನ ಅಲಮಾರಿಯನ್ನು ಒಮ್ಮೆ ನೋಡಿದಳು. ಬಾಗಿಲ ಹಿಂದೆ ಗೋಡೆಯಲ್ಲಿ ಅವಳು ತಂಬಾಕಿನ ಚೀಲ ಇಡುವ ಒಂದು ಗೂಡಿತ್ತು. ಚೀಲ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಹಳೆಯ ಕುಬಸದ ಕರಿ ತುಂಡೊಂದನ್ನು ತಂದು, ಶೀಶೆಯನ್ನು ಅದರಲ್ಲಿ ಸುತ್ತಿ ಅಲ್ಲಿಟ್ಟಳು. ಒಂದು ಸೂಜಿ ಸಿರಿಂಜು ಸಹ ಇಡಬೇಕು ಎಂದು ಅವನು ಎದ್ದು ತಂದುಕೊಟ್ಟ. ಅವಳು ಅದನ್ನೂ ತಾನೇ ಇಟ್ಟಳು. ಇಟ್ಟು, ಬಾಗಿಲ ಕಲ್ಲಿನ ಹತ್ತಿರ ಹಾಗೇ ಕುಕ್ಕರುಗಾಲಲ್ಲಿ ಕೂತಳು. ಅಂಗೈಯನ್ನು ಕಲ್ಲಿನ ಮೇಲೆ ಊರಿದಳು, ಸುಸ್ತಾದವರು ಊರುವ ಹಾಗೆ.

“ಅವತ್ತ ನಾ ಇಲ್ಲೇ ಕುಂತಿದ್ದೆ, ಇದರ ಮ್ಯಾಲೆ ಕೈ ಊರಿ. ನೀವು ಅವಂಗ ಸೂಜಿ ಮಾಡು ಮುಂದ.” ನೀರು ಬಂತೇ ಎಂದು ವಿಚಾರಿಸುವ ದನಿಯಲ್ಲಿ ಕೇಳಿದಳು. “ಅವತ್ತೂ ಈ ಕಲ್ಲು ಇಲ್ಲೇ ಇತ್ತಲ್ರಿ?”

ಒಂದು ವರ್ಷದಿಂದ ಅವನು ಕೂಡಿಟ್ಟುಕೊಂಡ ಉತ್ತರಗಳಿದ್ದವು. ಸರಕಾರಿ ಕೀಲಿ, ಸಾಹೇಬರ ಅಪ್ಪಣೆ, ಗಾಬರಿ, ವಿಧಿ. ಒಂದೊಂದಕ್ಕೂ ಚೀಟಿ ಅಂಟಿಸಿ ಗಾಜಿನ ಹಿಂದೆ ಜೋಡಿಸಿಟ್ಟಿದ್ದ.

“ಇತ್ತವ್ವಾ,” ಅಂದ.

ಅವಳು ತಲೆದೂಗಿದಳು. ಅಷ್ಟು ತಿಳಿಯಬೇಕಾಗಿತ್ತು ಎನ್ನುವ ಹಾಗೆ ಇನ್ನೊಂದು ಗಳಿಗೆ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಇದ್ದು, ಎದ್ದು, ಕಸಬರಿಗೆ ಎತ್ತಿಕೊಂಡಳು. ಬಳಿಯುತ್ತ ಬಳಿಯುತ್ತ ಬೆಂಚಿನ ತನಕ ಬಂದು ನಿಂತಳು. ಕಾಲ ಎತ್ರಿ, ಅಂದಳು. ಶಾಲಿನ ಅಂಚು ನೆಲ ಗುಡಿಸುತ್ತಿದ್ದುದನ್ನು ಅವನು ಆಗ ನೋಡಿದ. ಅದನ್ನು ತೆಗೆದು ಪಕ್ಕಕ್ಕಿಟ್ಟು, ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಕೊಂಡು, ಪರೀಕ್ಷೆ ಸೂಜಿ ಮಾಡಿಸಿಕೊಂಡವರು ಅರ್ಧ ಗಂಟೆ ಕೂರುವ ಹಾಗೆ, ತನ್ನ ಮುಂಗೈ ನೋಡುತ್ತ ಕೂತ.